ಕನ್ನಡ ವಿಭಾಗದಲ್ಲಿ ಲಿಂಗಸಮಾನತೆ: ಪಠ್ಯ, ತರಗತಿ, ವೇದಿಕೆ

ಮಾನವಿಕ ವಿಭಾಗಗಳಲ್ಲಿ ಲಿಂಗಸಮಾನತೆಯ ಮಾತೆತ್ತಿದರೆ, ತರಗತಿಯ ತುಂಬ ವಿದ್ಯಾರ್ಥಿನಿಯರೇ ಇರುವಾಗ ಇನ್ನೆಂತಹ ಸಮಾನತೆ ಎಂಬ ಮರುಪ್ರಶ್ನೆ ಬರುವುದುಂಟು. ಪ್ರವೇಶದ ಸಂಖ್ಯೆ ಸಮಾನತೆಯ ಒಂದು ಅಂಶ ಮಾತ್ರ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ, ದೇಶದ ಸುಮಾರು 4.33 ಕೋಟಿ ವಿದ್ಯಾರ್ಥಿಗಳಲ್ಲಿ 2.07 ಕೋಟಿ ಮಂದಿ ಮಹಿಳೆಯರು. ಬೋಧಕವರ್ಗದಲ್ಲಾದರೋ 100 ಪುರುಷರಿಗೆ 77 ಮಹಿಳೆಯರು. ಸಾಹಿತ್ಯ ವಿಭಾಗಕ್ಕೆ ಇದಲ್ಲದೆ ಇನ್ನೊಂದು ಪ್ರಶ್ನೆಯಿದೆ: ನಾವು ಯಾರನ್ನು ಓದುತ್ತೇವೆ, ಅವರನ್ನು ಪಠ್ಯದಲ್ಲಿ ಎಲ್ಲಿ ಇರಿಸಿದ್ದೇವೆ?

ವಚನ ಸಾಹಿತ್ಯದಲ್ಲಿ ಅಕ್ಕಮಹಾದೇವಿಯನ್ನು ಓದಿದ ಮೇಲೆ, ಉಳಿದ ಲೇಖಕಿಯರನ್ನೆಲ್ಲ 'ಮಹಿಳಾ ಸಾಹಿತ್ಯ'ವೆಂಬ ಒಂದು ಘಟಕದಲ್ಲಿ ಕೂಡಿಸುವುದು ರೂಢಿ. ಈ ಘಟಕ ಸ್ತ್ರೀವಾದಿ ವಿಮರ್ಶೆ ಹೋರಾಡಿ ಪಡೆದ ಗಳಿಕೆ. ಅದನ್ನು ಹಗುರವಾಗಿ ಕಾಣಬಾರದು. ಆದರೆ ಅದೊಂದಿದ್ದರೆ ಸಾಕೆಂದು ಉಳಿದ ಪತ್ರಿಕೆಗಳು ನಿರಾಳವಾಗಿಬಿಡುವುದೂ ಉಂಟು.

ಸಂಚಿ ಹೊನ್ನಮ್ಮನ 'ಹದಿಬದೆಯ ಧರ್ಮ'ವನ್ನೇ ನೋಡಬಹುದು. ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ ರಚಿತವಾದ ಈ ಕೃತಿ ಸಾಂಗತ್ಯದಲ್ಲಿದೆ. ಸಾಂಗತ್ಯವನ್ನು ಬೋಧಿಸುವಾಗ ರತ್ನಾಕರವರ್ಣಿಯ 'ಭರತೇಶ ವೈಭವ'ದ ಜೊತೆಗೆ ಇದನ್ನೂ ಇರಿಸಿದರೆ, ಒಂದೇ ಛಂದಸ್ಸು ಭೋಗ-ಯೋಗಗಳ ಸಮನ್ವಯಕ್ಕೂ ಗೃಹಿಣಿಯ ಧರ್ಮೋಪದೇಶಕ್ಕೂ ಹೇಗೆ ಒದಗಿತೆಂಬುದು ತಿಳಿಯುತ್ತದೆ. ಪತಿವ್ರತಾಧರ್ಮವನ್ನು ಹೇಳಹೊರಟ ಕವಯಿತ್ರಿಯೇ, ಹೆಣ್ಣೆಂದು ಹಳಿಯುವವರನ್ನು ನಡುವೆ ತಡೆದು ಕೇಳುತ್ತಾಳೆ. ಆ ದ್ವಂದ್ವ ಕಾವ್ಯಮೀಮಾಂಸೆಯ ತರಗತಿಗೆ ಸಲ್ಲಬೇಕಾದ ವಿಷಯ.

ಗಡಿನಾಡಿನವರಾದ ನಮಗೆ ಇನ್ನೂ ಹತ್ತಿರದ ನಿದರ್ಶನಗಳಿವೆ. 1912ರಲ್ಲಿ ಸೊಲ್ಲಾಪುರದಲ್ಲಿ ಜನಿಸಿದ ಜಯದೇವಿತಾಯಿ ಲಿಗಾಡೆಯವರು ಸಿದ್ಧರಾಮನ ಚರಿತ್ರೆಯನ್ನು ತ್ರಿಪದಿಯಲ್ಲಿ ಮಹಾಕಾವ್ಯವಾಗಿ ಬರೆದರು. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡಿ ಉಳಿಸಿದ ಛಂದಸ್ಸಿಗೆ ಒಬ್ಬ ಕವಯಿತ್ರಿಯಿಂದ ಮಹಾಕಾವ್ಯದ ವ್ಯಾಪ್ತಿ ದೊರೆತದ್ದು ಛಂದಸ್ಸಿನ ಪತ್ರಿಕೆಯಲ್ಲಿ ಚರ್ಚೆಯಾಗಬೇಡವೆ? 1915ರಲ್ಲಿ ಆರಂಭವಾದ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರು ದೊರೆತದ್ದು 1974ರಲ್ಲಿ, ಮಂಡ್ಯದಲ್ಲಿ; ಆ ಅಧ್ಯಕ್ಷರು ಲಿಗಾಡೆಯವರೇ. ಕನ್ನಡಕ್ಕೆ ಸಂದ ಎಂಟು ಜ್ಞಾನಪೀಠ ಪ್ರಶಸ್ತಿಗಳಲ್ಲಿ ಒಂದೂ ಲೇಖಕಿಗೆ ಸಂದಿಲ್ಲ. ಪ್ರಶಸ್ತಿಯ ಪಟ್ಟಿಯನ್ನೇ ಪಠ್ಯದ ಪಟ್ಟಿಯಾಗಿ ಮಾಡಿಕೊಳ್ಳುವ ವಿಭಾಗ ಈ ಕೊರತೆಯನ್ನೂ ಅದರೊಡನೆ ಬರಮಾಡಿಕೊಳ್ಳುತ್ತದೆ.

ಕಾಸರಗೋಡಿನ ಸಾರಾ ಅಬೂಬಕ್ಕರ್ (1936–2023) ಅವರ 'ಚಂದ್ರಗಿರಿಯ ತೀರದಲ್ಲಿ' ಮೊದಲು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ. ಅದನ್ನು ಮುಸ್ಲಿಂ ಮಹಿಳೆಯರ ಸಂಕಷ್ಟದ ದಾಖಲೆಯೆಂದಷ್ಟೇ ಓದುವುದು ಸುಲಭ. ಕಾದಂಬರಿಯ ಪತ್ರಿಕೆಯಲ್ಲಿ ಇರಿಸಿ, ತಲಾಖ್ ಎಂಬ ಒಂದು ನಿಯಮ ಕಥೆಯ ಗತಿಯನ್ನು ಹೇಗೆ ನಿರ್ಧರಿಸುತ್ತದೆ, ನಾದಿರಾಳ ಮೌನವನ್ನು ನಿರೂಪಣೆ ಹೇಗೆ ನಿರ್ವಹಿಸುತ್ತದೆ ಎಂದು ಕೇಳುವುದು ಕಷ್ಟ. ಐಚ್ಛಿಕ ಕನ್ನಡದ ಓದುಗರಿಗೆ ತಕ್ಕ ಕಷ್ಟ. ಮಲಯಾಳದಿಂದ ಅವರು ಮಾಡಿದ ಅನುವಾದಗಳು ಭಾಷಾಂತರದ ಪತ್ರಿಕೆಗೂ ಒದಗುತ್ತವೆ.

ಪಠ್ಯದ ಆಚೆಗೂ ವಿಭಾಗವೊಂದಿದೆ. ಸಮಾರಂಭ ಬಂತೆಂದರೆ ರಂಗೋಲಿ, ಪ್ರಾರ್ಥನೆ, ಆರತಿತಟ್ಟೆ ವಿದ್ಯಾರ್ಥಿನಿಯರ ಪಾಲಿಗೆ. ವಿಚಾರಸಂಕಿರಣದ ಸಂಚಾಲನೆಯೂ ಅತಿಥಿಗಳೊಡನೆ ಪತ್ರವ್ಯವಹಾರವೂ ವಿದ್ಯಾರ್ಥಿಗಳ ಪಾಲಿಗೆ. (ಉತ್ತರಪತ್ರಿಕೆಯಲ್ಲಿ ಪಿತೃಪ್ರಧಾನ ವ್ಯವಸ್ಥೆಯನ್ನು ಖಂಡಿಸಿ ಬಂದವರೇ ಈ ಹಂಚಿಕೆಯನ್ನು ಮಾಡುವುದು ವಿಚಿತ್ರ.) ಕೆಲಸಗಳನ್ನು ಸರದಿಯ ಮೇಲೆ ಹಂಚುವುದಕ್ಕೆ ಯಾವ ಅನುದಾನವೂ ಬೇಡ. ತರಗತಿಯ ಚರ್ಚೆಯಲ್ಲಿ ಮೊದಲು ಕೈಯೆತ್ತಿದವರಿಗೇ ಮಾತು ಕೊಡದೆ ಕ್ಷಣಕಾಲ ಕಾಯುವ ಅಧ್ಯಾಪಕರು ಬೇರೆ ದನಿಗಳನ್ನೂ ಕೇಳಿಸಿಕೊಳ್ಳಬಲ್ಲರು.

ಇವೆಲ್ಲಕ್ಕೂ ತಳಹದಿ ನಿರ್ಭಯ. ವಿಶ್ವವಿದ್ಯಾಲಯ ಅನುದಾನ ಆಯೋಗದ 2015ರ ನಿಯಮಾವಳಿಯಂತೆ ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯಲ್ಲಿಯೂ ಆಂತರಿಕ ದೂರು ಸಮಿತಿ ಇರಲೇಬೇಕು. ಹಿರಿಯ ಮಹಿಳಾ ಅಧ್ಯಾಪಕರು ಅದರ ಅಧ್ಯಕ್ಷರು; ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು; ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಪ್ರಕರಣಗಳಲ್ಲಿ ಚುನಾಯಿತ ವಿದ್ಯಾರ್ಥಿ ಪ್ರತಿನಿಧಿಗಳೂ ಇರುತ್ತಾರೆ. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಸಲ್ಲಿಸಬೇಕು, 90 ದಿನಗಳಲ್ಲಿ ವಿಚಾರಣೆ ಮುಗಿಯಬೇಕು. ಹಲವು ಭಾಷೆಗಳ ಈ ನೆಲದಲ್ಲಿ ಸಮಿತಿಯ ಸದಸ್ಯರ ಹೆಸರು, ದೂರು ಕೊಡುವ ಕ್ರಮ ಕನ್ನಡದಲ್ಲಿಯೂ ಮುದ್ರಣವಾಗಿ ಸೂಚನಾಫಲಕದಲ್ಲಿರಬೇಕು. ಅದನ್ನು ಸಿದ್ಧಪಡಿಸಲು ಕನ್ನಡ ವಿಭಾಗಕ್ಕಿಂತ ಅರ್ಹರು ಕಾಲೇಜಿನಲ್ಲಿ ಬೇರೆ ಯಾರಿದ್ದಾರೆ?