ಕಾರಿನ ರೇಡಿಯೇಟರ್ ಫ್ಯಾನಿಗೆ ಒಂದು ಕೈ ಸ್ವಿಚ್ಚು

ಹಿಂದೆ ಎತ್ತಿನ ಗಾಡಿ ನಿಲ್ಲುತ್ತಿದ್ದ ಹಟ್ಟಿಯ ಮುಂದೆ ಇಂದು ಹಳೆಯ ಮಾರುತಿ ಕಾರೋ ಓಮ್ನಿ ವ್ಯಾನೋ ನಿಂತಿರುವುದು ಸಾಮಾನ್ಯ. ಮಾರುತಿ 800 ಮಾರಾಟಕ್ಕೆ ಬಂದದ್ದು 1983ರ ಡಿಸೆಂಬರ್‌ನಲ್ಲಿ. ಓಮ್ನಿಯ ತಯಾರಿಕೆ ನಿಂತದ್ದು 2019ರಲ್ಲಿ. ತಯಾರಿಕೆ ನಿಂತರೂ ಹಳ್ಳಿಗಳಲ್ಲಿ ಈ ವಾಹನಗಳ ದುಡಿಮೆ ನಿಂತಿಲ್ಲ. ಟೊಮೆಟೊ ಕ್ರೇಟು, ಹೂವಿನ ಮೂಟೆ, ಹಾಲಿನ ಕ್ಯಾನು, ಹಿಂಡಿ ಚೀಲ ಎಲ್ಲವನ್ನೂ ಹೊರುವುದು ಇವೇ. ನಡುರಾತ್ರಿ ಹೆರಿಗೆ ನೋವು ಕಾಣಿಸಿದ ಹೆಣ್ಣುಮಗಳನ್ನು ಆಸ್ಪತ್ರೆಗೆ ಮುಟ್ಟಿಸುವುದೂ ಇವೇ. ಇಂಥ ವಾಹನ ದಾರಿಯಲ್ಲಿ ಕುದಿದು ನಿಂತರೆ ಆಗುವ ನಷ್ಟ ಬರೀ ಎಂಜಿನ್ನಿನದಲ್ಲ. ಬೆಳಗಿನ ಹರಾಜು ತಪ್ಪಿದ ಟೊಮೆಟೊ ಮಧ್ಯಾಹ್ನ ಅದೇ ಬೆಲೆಗೆ ಹೋಗುವುದಿಲ್ಲ ಎಂಬುದನ್ನು ರೈತ ಬಾಂಧವರಿಗೆ ಬೇರೆ ಹೇಳಬೇಕಿಲ್ಲ.

ಹೀಗೆ ಕುದಿಯುವುದಕ್ಕೆ ಅನೇಕ ಸಲ ಕಾರಣ, ರೇಡಿಯೇಟರ್ ಫ್ಯಾನು ತಿರುಗಬೇಕಾದ ಹೊತ್ತಿನಲ್ಲಿ ತಿರುಗದಿರುವುದು. ಹಳೆಯ ಜೀಪು, ಅಂಬಾಸಿಡರ್ ಮತ್ತು ಟ್ರ್ಯಾಕ್ಟರುಗಳಲ್ಲಿ ಎಂಜಿನ್ ತಿರುಗಿದರೆ ಬೆಲ್ಟಿನ ಮೂಲಕ ಫ್ಯಾನೂ ತಿರುಗುತ್ತಿತ್ತು. ಕಾರು, ವ್ಯಾನುಗಳಲ್ಲಿ ಫ್ಯಾನಿಗೆ ಪ್ರತ್ಯೇಕ ವಿದ್ಯುತ್ ಮೋಟರು ಇದೆ. ನೀರಿನ ಶಾಖ ಸುಮಾರು 95 ಡಿಗ್ರಿ ಸೆಂಟಿಗ್ರೇಡ್ ಮುಟ್ಟಿದಾಗ ಥರ್ಮೋ ಸ್ವಿಚ್ ಎಂಬ ಸಣ್ಣ ಭಾಗ ಅದನ್ನು ಚಾಲೂ ಮಾಡುತ್ತದೆ. ಕೆಲವು ಡಿಗ್ರಿ ಇಳಿದೊಡನೆ ನಿಲ್ಲಿಸುತ್ತದೆ. ಬಯಲು ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಎದುರು ಗಾಳಿಯೇ ಸಾಕು. ಶಿರಾಡಿಯಂಥ ಘಾಟಿಯನ್ನು ಹೊರೆ ಹೊತ್ತು ಎರಡನೆಯ ಗೇರಿನಲ್ಲಿ ಏರುವಾಗ, ಮಾರುಕಟ್ಟೆಯ ಬಾಗಿಲಲ್ಲಿ ಸಾಲಿನಲ್ಲಿ ನಿಂತಾಗ ಫ್ಯಾನೇ ಗತಿ. ಆಗ ಥರ್ಮೋ ಸ್ವಿಚ್ ಕೈಕೊಟ್ಟರೆ ಎಂಜಿನ್ನಿನ ಅಲ್ಯೂಮಿನಿಯಂ ಹೆಡ್ಡು ಸೊಟ್ಟಗಾಗುತ್ತದೆ, ಹೆಡ್ ಗ್ಯಾಸ್ಕೆಟ್ ಸುಟ್ಟು ನೀರು ಎಣ್ಣೆಗೆ ಸೇರಿ ಎಣ್ಣೆ ಹಾಲು ಬೆರೆಸಿದ ಚಹಾದಂತಾಗುತ್ತದೆ. ಕೆಲವು ನೂರು ರೂಪಾಯಿಯ ಭಾಗ ಕೆಟ್ಟದ್ದಕ್ಕೆ ಸಾವಿರಾರು ರೂಪಾಯಿ ದಂಡ ಬೀಳುತ್ತದೆ.

ಇದಕ್ಕೆ ಸುಲಭ ಉಪಾಯವೆಂದರೆ, ಚಾಲಕನ ಕೈಗೆಟಕುವಂತೆ ಫ್ಯಾನಿಗೆ ಒಂದು ಹೆಚ್ಚುವರಿ ಸ್ವಿಚ್ಚು ಹಾಕಿಸುವುದು.

ಮೊದಲು ತಿಳಿಯಬೇಕಾದದ್ದು

ನಿಮ್ಮ ಪಂಪ್‌ಸೆಟ್ಟಿನ ಸ್ಟಾರ್ಟರನ್ನು ನೆನಪಿಸಿಕೊಳ್ಳಿ. ಹಸಿರು ಗುಂಡಿ ಒತ್ತಿದಾಗ ಮೋಟರಿನ ಪೂರ್ತಿ ಕರೆಂಟು ಆ ಗುಂಡಿಯಲ್ಲಿ ಹರಿಯುವುದಿಲ್ಲ. ಗುಂಡಿ ಒಳಗಿನ ಕಾಯಿಲಿಗೆ ಅಲ್ಪ ಕರೆಂಟು ಕೊಡುತ್ತದೆ. ಕಾಯಿಲು ದೊಡ್ಡ ಸಂಪರ್ಕಗಳನ್ನು ಎಳೆದು ಕೂಡಿಸುತ್ತದೆ. ಕಾರಿನ ರಿಲೇ ಎಂಬುದು ಇದೇ ಸ್ಟಾರ್ಟರಿನ ತಮ್ಮ. ಅದರ ಕಾಲುಗಳ ಮೇಲೆ ಅಂಕಿಗಳಿರುತ್ತವೆ. 86 ಮತ್ತು 85 ಕಾಯಿಲಿನವು. 30 ಮತ್ತು 87 ದೊಡ್ಡ ಸಂಪರ್ಕದವು. ಫ್ಯಾನು 10 ಆಂಪಿಯರ್ ಅಥವಾ ಅದಕ್ಕೂ ಹೆಚ್ಚು ಎಳೆಯಬಹುದು; ಕಾಯಿಲಿಗೆ ಸಾಕಾಗುವುದು ಒಂದು ಆಂಪಿಯರಿನ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಆದುದರಿಂದ ಸಣ್ಣ ಸ್ವಿಚ್ಚನ್ನು ಕಾಯಿಲಿಗೆ ಹಾಕಬೇಕೇ ಹೊರತು ಫ್ಯಾನಿನ ದಾರಿಯಲ್ಲಿ ನೇರವಾಗಿ ಹಾಕಬಾರದು. ಹಾಗೆ ಹಾಕಿದರೆ ಸ್ವಿಚ್ಚು ಕರಗಿ ಬೆಂಕಿ ಹೊತ್ತುವ ಭಯವುಂಟು.

ಅವಶ್ಯಕ ಸಾಮಗ್ರಿಗಳು

ಒಂದು 12 ವೋಲ್ಟ್ ಟಾಗಲ್ ಸ್ವಿಚ್ಚು, 1 ಚದರ ಮಿಲಿಮೀಟರಿನ ಹಲವು ಎಳೆಯ ವಾಹನದ ವೈರು, ಒತ್ತಿ ಕೂರಿಸುವ ಲಗ್ಗುಗಳು, ವೈರಿಗೆ ಹೊದಿಸುವ ಸ್ಲೀವು, ತಗಡಿನ ತೂತಿಗೆ ರಬ್ಬರ್ ಬಳೆ. ಮನೆ ವೈರಿಂಗಿನ ಒಂಟಿ ಎಳೆಯ ವೈರು ಬೇಡ. ಅಲುಗಾಟಕ್ಕೆ ಅದು ಮುರಿಯುತ್ತದೆ.

ಜೋಡಿಸುವ ಕ್ರಮ

1. ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿಡಿ.

2. ಥರ್ಮೋ ಸ್ವಿಚ್ಚಿನ ವೈರು ಎಲ್ಲಿಗೆ ಹೋಗಿದೆ ಎಂದು ನೋಡಿ. ಅದು ರಿಲೇಯ 85ಕ್ಕೆ ಹೋಗಿದ್ದು, ಥರ್ಮೋ ಸ್ವಿಚ್ ಅದನ್ನು ಬಾಡಿಗೆ, ಅಂದರೆ ಅರ್ಥಿಗೆ, ಕೂಡಿಸುವಂತಿದ್ದರೆ ಕೆಲಸ ಸುಲಭ. 85ರ ಆ ವೈರಿನಿಂದ ಒಂದು ಕವಲು ತೆಗೆದು ಸ್ವಿಚ್ಚಿನ ಒಂದು ಕಾಲಿಗೆ ಕೊಡಿ. ಇನ್ನೊಂದು ಕಾಲನ್ನು ಬಣ್ಣ ಕೆರೆದು ಶುಚಿ ಮಾಡಿದ ಬಾಡಿಯ ಬೋಲ್ಟಿಗೆ ಬಿಗಿಯಿರಿ. ಈಗ ಇಬ್ಬರು ಆಳುಗಳಾದರು: ಥರ್ಮೋ ಸ್ವಿಚ್ ಕೂಡಿಸಿದರೂ ಫ್ಯಾನು ತಿರುಗುತ್ತದೆ, ನೀವು ಕೂಡಿಸಿದರೂ ತಿರುಗುತ್ತದೆ.

3. ಕೆಲವು ಹಳೆಯ ವಾಹನಗಳಲ್ಲಿ ರಿಲೇ ಇರುವುದಿಲ್ಲ. ಥರ್ಮೋ ಸ್ವಿಚ್ಚೇ ಫ್ಯಾನಿನ ಋಣ ವೈರನ್ನು ಅರ್ಥಿಗೆ ಕೂಡಿಸುತ್ತದೆ. ಅಲ್ಲಿ ಹೊಸ ರಿಲೇ ಒಂದನ್ನು ಹಾಕಬೇಕು. ಫ್ಯಾನಿನ ಋಣ ವೈರಿನ ಕವಲನ್ನು 30ಕ್ಕೂ, 87ನ್ನು ಬಾಡಿಗೂ ಕೊಡಿ. ಈ ಎರಡಕ್ಕೆ ಕನಿಷ್ಠ 2.5 ಚದರ ಮಿಲಿಮೀಟರಿನ ವೈರು ಬೇಕು. ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಬರುವ, ಫ್ಯೂಸು ಇರುವ ವೈರನ್ನು 86ಕ್ಕೆ ಕೊಡಿ. 85ನ್ನು ಸ್ವಿಚ್ಚಿನ ಮೂಲಕ ಬಾಡಿಗೆ ಕೊಡಿ.

4. ಎಂಜಿನ್ ಕಡೆಯಿಂದ ಒಳಗೆ ಬರುವ ವೈರನ್ನು ರಬ್ಬರ್ ಬಳೆಯ ಮೂಲಕವೇ ತನ್ನಿ. ಸೈಲೆನ್ಸರ್ ಕೊಳವೆ ಮತ್ತು ಫ್ಯಾನಿನ ರೆಕ್ಕೆಯಿಂದ ದೂರವಿಟ್ಟು ಕಟ್ಟಿ.

5. ಏ.ಸಿ. ಇರುವ ಕಾರುಗಳಲ್ಲಿ ಎರಡು ಫ್ಯಾನುಗಳಿದ್ದರೆ ಪ್ರತಿಯೊಂದಕ್ಕೂ ಅದರದೇ ರಿಲೇ, ಅದರದೇ ಫ್ಯೂಸು ಇರಲಿ. ಎರಡನ್ನೂ ಒಂದೇ ರಿಲೇಗೆ ಹೊರಿಸಬೇಡಿ.

ಸ್ವಿಚ್ಚನ್ನು ಅರ್ಥ್ ಕಡೆ ಹಾಕುವುದರಲ್ಲಿ ಒಂದು ಒಳ್ಳೆಯ ಗುಣವಿದೆ. ಆ ವೈರು ಎಂದಾದರೂ ಸವೆದು ಬಾಡಿಗೆ ತಗುಲಿದರೆ ಕಿಡಿ ಹಾರುವುದಿಲ್ಲ; ಫ್ಯಾನು ತಾನಾಗಿ ತಿರುಗುತ್ತದೆ, ಅಷ್ಟೆ. ಕೀಲಿಯ ಕರೆಂಟಿನಿಂದ ನಡೆಸುವುದಕ್ಕೂ ಕಾರಣವಿದೆ. ಸ್ವಿಚ್ಚು ಮರೆತು ಮಲಗಿದರೆ 10 ಆಂಪಿಯರಿನ ಫ್ಯಾನು 35 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ಮೂರೂವರೆ ಗಂಟೆಯೊಳಗೆ ಬರಿದು ಮಾಡುತ್ತದೆ.

ಪರೀಕ್ಷೆ

ಎಂಜಿನ್ ತಣ್ಣಗಿರುವಾಗ ಕೀಲಿ ತಿರುಗಿಸಿ ಸ್ವಿಚ್ಚು ಹಾಕಿ. ಫ್ಯಾನು ತಿರುಗಬೇಕು, ತೆಗೆದೊಡನೆ ನಿಲ್ಲಬೇಕು. ಗಾಳಿ ರೇಡಿಯೇಟರಿನ ಮೂಲಕ ಎಂಜಿನ್ನಿನ ಕಡೆಗೆ ಬರುತ್ತಿರಬೇಕು; ಹೊಸ ಮೋಟರಿನ ವೈರು ಅದಲುಬದಲಾದರೆ ಗಾಳಿ ಉಲ್ಟಾ ಹೊಡೆಯುತ್ತದೆ. ಬಳಿಕ ಸ್ವಿಚ್ಚು ತೆಗೆದು ಎಂಜಿನ್ನನ್ನು ನಿಂತಲ್ಲೇ ನಡೆಸಿ, ಫ್ಯಾನು ತಾನಾಗಿ ಚಾಲೂ ಆಗುವುದೋ ಇಲ್ಲವೋ ಕಾದು ನೋಡಿ. ಈ ಎರಡು ಪರೀಕ್ಷೆಗಳನ್ನು ತಿಂಗಳಿಗೊಮ್ಮೆ ಮಾಡಿ. ತಾನಾಗಿ ತಿರುಗದಿದ್ದರೆ ಥರ್ಮೋ ಸ್ವಿಚ್ ಬದಲಿಸಿ. ಕೈ ಸ್ವಿಚ್ಚು ಆಪತ್ಕಾಲದ ನೆಂಟ, ಮನೆಯ ಯಜಮಾನನಲ್ಲ.

ಕೈ ಸ್ವಿಚ್ಚು ಹಾಕಿದರೂ ಫ್ಯಾನು ತಿರುಗದಿದ್ದರೆ ಫ್ಯೂಸು, ರಿಲೇ, ಮೋಟರು ಈ ಮೂರರಲ್ಲಿ ಒಂದು ಕೆಟ್ಟಿರುವ ಸಂಭವ ಹೆಚ್ಚು. ಒಂದು ಹೆಚ್ಚುವರಿ ಫ್ಯೂಸನ್ನೂ ರಿಲೇಯನ್ನೂ ವಾಹನದಲ್ಲಿಡಿ. ಪಂಪ್‌ಸೆಟ್ಟಿನ ಫ್ಯೂಸಿಗೆ ತಾಮ್ರದ ತಂತಿ ಸುತ್ತುವ ನಮ್ಮ ಹಳೆಯ ಅಭ್ಯಾಸವನ್ನು ಇಲ್ಲಿಗೆ ತರಬೇಡಿ. ಕಂಪನಿ ಹೇಳಿದ ಅಳತೆಯ ಫ್ಯೂಸನ್ನೇ ಹಾಕಿ.

ಎಚ್ಚರಿಕೆಯ ಮಾತುಗಳು

ಕಂಪ್ಯೂಟರ್ ನಿಯಂತ್ರಣದ ಹೊಸ ವಾಹನಗಳಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಅಲ್ಲಿ ಶಾಖ ಅಳೆಯುವುದು ಸ್ವಿಚ್ಚಲ್ಲ, ಸೆನ್ಸರು. ಅದರ ವೈರಿಗೆ ಕವಲು ತೆಗೆದರೆ ಎಂಜಿನ್ನಿನ ಲೆಕ್ಕವೇ ತಪ್ಪೀತು, ಗ್ಯಾರಂಟಿಯೂ ಹೋದೀತು. ಥರ್ಮೋ ಸ್ವಿಚ್ ಧನ ಕಡೆಯ ಕರೆಂಟನ್ನು ಕೊಡುವಂತಿದ್ದರೂ ಮೇಲಿನ ಕ್ರಮ ಹೊಂದುವುದಿಲ್ಲ. ಸಂದೇಹವಿದ್ದಲ್ಲಿ ತಿಳಿದ ಆಟೋ ಎಲೆಕ್ಟ್ರಿಷಿಯನ್‌ಗೆ ತೋರಿಸಿಯೇ ಮುಂದುವರಿಯಿರಿ.

ದಾರಿಯಲ್ಲಿ ಶಾಖದ ಮುಳ್ಳು ಏರಿದರೆ ಏ.ಸಿ. ಆರಿಸಿ, ಫ್ಯಾನಿನ ಸ್ವಿಚ್ಚು ಹಾಕಿ, ಹೀಟರ್ ಇದ್ದರೆ ಪೂರ್ತಿ ತೆರೆಯಿರಿ. ಒಳಗೆ ಸೆಕೆಯಾದರೂ ಎಂಜಿನ್ನಿನ ಶಾಖ ಸ್ವಲ್ಪ ಹೊರಬರುತ್ತದೆ. ಆದರೂ ಇಳಿಯದಿದ್ದರೆ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ಬಿಸಿ ರೇಡಿಯೇಟರಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ. ಒಳಗಿನ ನೀರು ಒತ್ತಡದಲ್ಲಿರುವುದರಿಂದ 100 ಡಿಗ್ರಿ ದಾಟಿದ್ದರೂ ಕುದಿಯದೆ ಸುಮ್ಮನಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣವೇ ಉಗಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಚೆನ್ನಾಗಿ ಆರುವವರೆಗೆ ಕಾಯಿರಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡಬಹುದು. ಎಂಜಿನ್ ಆರಿಸಿದ್ದರೂ ಕೀಲಿ ಇರುವಾಗ ಫ್ಯಾನು ಥಟ್ಟನೆ ತಿರುಗಬಹುದು. ಕೀಲಿ ತೆಗೆದ ಮೇಲೂ ತಿರುಗುವ ವಾಹನಗಳಿವೆ. ಬೆರಳು, ಪಂಚೆಯ ಅಂಚು, ಹೆಗಲ ಮೇಲಿನ ಟವೆಲು ಜೋಪಾನ.

ಕೊನೆಯದಾಗಿ, ರೇಡಿಯೇಟರಿನ ಸಂದುಗಳಲ್ಲಿ ಕಣದ ಹೊಟ್ಟು, ಧೂಳು, ಹುಳು ತುಂಬಿದ್ದರೆ ಎರಡು ಫ್ಯಾನು ತಿರುಗಿದರೂ ಪ್ರಯೋಜನವಿಲ್ಲ. ಸುಗ್ಗಿ ಮುಗಿದ ಮೇಲೆ, ಎಂಜಿನ್ ತಣ್ಣಗಿರುವಾಗ, ಒಳಗಿನಿಂದ ಹೊರಕ್ಕೆ ಸಣ್ಣ ಧಾರೆಯ ನೀರು ಬಿಟ್ಟು ತೊಳೆಯಿರಿ. ಕೂಲಂಟಿನ ಮಟ್ಟವನ್ನು ಬೆಳಿಗ್ಗೆ ಹೊರಡುವ ಮುನ್ನ ನೋಡಿ. ಸ್ವಿಚ್ಚು ಹಾಕಿಸುವ ಕೆಲಸವನ್ನು ಬೇಸಿಗೆಗೂ ಟೊಮೆಟೊ ಕೊಯಿಲಿಗೂ ಮೊದಲೇ ಮುಗಿಸಿ. ಅದು ಯಾವ ಕೈಗೆ ಸಿಗುತ್ತದೆ, ಯಾವಾಗ ಹಾಕಬೇಕು ಎಂಬುದನ್ನು ಮನೆಯಲ್ಲಿ ವಾಹನ ಓಡಿಸುವ ಎಲ್ಲರಿಗೂ ತೋರಿಸಿಡಿ.