ಶಾಸನಚಿತ್ರಗಳ ಕಡತಗಳೂ ಕಾಲಾನುಕ್ರಮವೂ

ಬಿ. ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡನೆಯ ಸಂಪುಟದಲ್ಲಿ ತುಮಕೂರು ಜಿಲ್ಲೆಯ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆಗಳನ್ನು ಕೊಡಲಾಗಿದೆ. ಈ ಸಂಖ್ಯೆಗಳು ಸ್ಥಳವನ್ನು ಅನುಸರಿಸುತ್ತವೆಯೇ ಹೊರತು ಕಾಲವನ್ನಲ್ಲ. ಕಾಲಾನುಕ್ರಮಕ್ಕೆ ಬೇರೊಂದು ಪಟ್ಟಿಯೇ ಬೇಕಾಗುತ್ತದೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಶಾಸನಗಳ ಛಾಯಾಚಿತ್ರಗಳನ್ನು ಇಂದು ಗಣಕಯಂತ್ರದಲ್ಲಿ ಸಂಗ್ರಹಿಸುವವರಿಗೂ ಇದೇ ಸಮಸ್ಯೆ ಎದುರಾಗುತ್ತದೆ.

ಯೂನಿಕ್ಸ್ ವ್ಯವಸ್ಥೆಯಲ್ಲಿ ಕಡತಗಳ ಪಟ್ಟಿಯನ್ನು ಕೊಡುವ ಆದೇಶ ‘ಎಲ್‌ಎಸ್’. ಇದನ್ನು ಬರಿದಾಗಿ ಬಳಸಿದರೆ ಕಡತಗಳು ಹೆಸರಿನ ಕ್ರಮದಲ್ಲಿ ಬರುತ್ತವೆ. ಅದರ ಮುಂದೆ ಅಡ್ಡಗೆರೆಯೊಡನೆ ‘ಟಿ’ ಅಕ್ಷರವನ್ನು ಸೇರಿಸಿದರೆ ಈಚೆಗೆ ಮಾರ್ಪಟ್ಟ ಕಡತ ಮೊದಲು ನಿಲ್ಲುತ್ತದೆ. ‘ಆರ್’ ಅಕ್ಷರವನ್ನೂ ಸೇರಿಸಿದರೆ ಕ್ರಮ ತಿರುವುಮುರುವಾಗುತ್ತದೆ. ‘ಎಲ್’ ಸೇರಿಸಿದರೆ ಗಾತ್ರ, ದಿನಾಂಕಗಳು ಕಾಣುತ್ತವೆ. ಈ ದಿನಾಂಕದಲ್ಲೊಂದು ತೊಡಕುಂಟು. ಸುಮಾರು ಆರು ತಿಂಗಳೊಳಗಿನ ಕಡತಗಳಿಗೆ ತಿಂಗಳು, ದಿನ, ಗಂಟೆಗಳು ಮಾತ್ರ ತೋರುತ್ತವೆ, ವರ್ಷ ತೋರದು. ಶಕವರ್ಷವನ್ನು ಹೇಳದೆ ಸಂವತ್ಸರದ ಹೆಸರನ್ನಷ್ಟೇ ಹೇಳುವ ಶಾಸನವನ್ನು ಇದು ನೆನಪಿಗೆ ತರುತ್ತದೆ.

ಕಡತಕ್ಕಿರುವ ಕಾಲವೂ ಒಂದಲ್ಲ, ಮೂರು: ಒಳಗಿನ ವಿಷಯ ಮಾರ್ಪಟ್ಟ ಕಾಲ, ಕಡತವನ್ನು ಓದಿದ ಕಾಲ, ಒಡೆತನ ಅನುಮತಿಗಳಂಥ ವಿವರಗಳು ಬದಲಾದ ಕಾಲ. ‘ಟಿ’ಯೊಂದೇ ಇದ್ದರೆ ಮೊದಲನೆಯದನ್ನೂ, ‘ಯು’ ಜೊತೆಗೂಡಿದರೆ ಎರಡನೆಯದನ್ನೂ, ‘ಸಿ’ ಜೊತೆಗೂಡಿದರೆ ಮೂರನೆಯದನ್ನೂ ಅನುಸರಿಸಿ ಪಟ್ಟಿ ಸಿದ್ಧವಾಗುತ್ತದೆ.

ನಮ್ಮ ಸಂಗ್ರಹವನ್ನು ಒಮ್ಮೆ ‘ಸಿಪಿ’ ಆದೇಶದಿಂದ ಬೇರೊಂದು ತಟ್ಟೆಗೆ ನಕಲು ಮಾಡಿದೆವು. ಎಲ್ಲ ಚಿತ್ರಗಳಿಗೂ ನಕಲು ಮಾಡಿದ ದಿನದ ಮುದ್ರೆಯೇ ಬಿದ್ದು, ಕ್ಷೇತ್ರಕಾರ್ಯದ ಕ್ರಮವೇ ಅಳಿಸಿಹೋಯಿತು. ಆ ಆದೇಶದೊಡನೆ ‘ಪಿ’ ಅಕ್ಷರವನ್ನು ಸೇರಿಸಿದ್ದರೆ ಮೂಲಕಾಲ ಉಳಿಯುತ್ತಿತ್ತು. ಕ್ಯಾಮರಾವು ಚಿತ್ರದೊಳಗೇ ಬರೆದಿಟ್ಟ ದಿನಾಂಕದ ನೆರವಿನಿಂದ ಕ್ರಮವನ್ನು ಮತ್ತೆ ಕಟ್ಟಬೇಕಾಯಿತು.

ಆದರೆ ಮುದ್ರೆ ಕೆಡದೆ ಉಳಿದರೂ ಅದು ಚಿತ್ರದ ಕಾಲವೇ ಹೊರತು ಶಾಸನದ ಕಾಲವಲ್ಲ. ಸಿರಾದಲ್ಲಿ 1687ರ ಅನಂತರದ ಮೊಗಲರ ಕಾಲದ ಶಾಸನವೊಂದನ್ನು ಬೆಳಿಗ್ಗೆ ತೆಗೆದು, ಪಾವಗಡದ ನಿಡುಗಲ್ಲಿನಲ್ಲಿ 13ನೆಯ ಶತಮಾನದ ಶಾಸನವೊಂದನ್ನು ಸಂಜೆ ತೆಗೆದರೆ, ಯಂತ್ರದ ದೃಷ್ಟಿಯಲ್ಲಿ ಸಿರಾದ್ದೇ ಹಳೆಯದು! ಆದುದರಿಂದ ಶಾಸನದ ಕಾಲವನ್ನು ಕಡತದ ಹೆಸರಿನಲ್ಲೇ ಇರಿಸಬೇಕು: ಮೊದಲು ಶಕವರ್ಷ, ಅನಂತರ ತಾಲ್ಲೂಕು, ಊರು. ವರ್ಷಕ್ಕೆ ನಾಲ್ಕು ಅಂಕಿಗಳಿರಬೇಕು. 972 ಎಂದು ಬರೆದರೆ ಅದು ಅಕ್ಷರಕ್ರಮದಲ್ಲಿ 1154ರ ಅನಂತರ ಬರುತ್ತದೆ, 0972 ಎಂದರೆ ಮೊದಲು ಬರುತ್ತದೆ. ತೇದಿಯಿಲ್ಲದ ಶಾಸನಗಳಿಗೆ ಊಹೆಯ ವರ್ಷವನ್ನು ಹಚ್ಚದೆ 0000 ಎಂದಿಟ್ಟರೆ ಅವು ಪಟ್ಟಿಯ ತಲೆಯಲ್ಲಿ ಒಟ್ಟಾಗಿ ನಿಂತು ಮುಂದಿನ ಪರಿಶೀಲನೆಗೆ ಕಾದಿರುತ್ತವೆ.

ಹೀಗೆ ಬರಿಯ ‘ಎಲ್‌ಎಸ್’ ಶಾಸನಗಳ ಕಾಲಾನುಕ್ರಮವನ್ನೂ, ‘ಟಿ’ ಕೂಡಿದ ‘ಎಲ್‌ಎಸ್’ ನಮ್ಮ ಕಾರ್ಯದ ಕ್ರಮವನ್ನೂ ಕೊಡುತ್ತವೆ. ಇವೆರಡನ್ನೂ ಬೆರೆಸದೆ ಕಾಯ್ದುಕೊಳ್ಳುವುದು ಸಂಶೋಧಕನ ಹೊಣೆ.