ಲಾರಿಯೊಳಗಿನ ಏದುಸಿರು

ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆ ನಾಡು ಕುರಿಗಳಿಗೆ ಹೆಸರಾದುದು. ಕಂದುಬಣ್ಣದ ಕೆಂಗುರಿಯ ತವರೂ ಇದೇ. ದೇವದುರ್ಗ, ಮಾನ್ವಿಗಳ ಹಟ್ಟಿಗಳಲ್ಲಿ ಬೆಳೆದ ಕುರಿಯು ಲಾರಿಯೇರಿ, ರಾಯಚೂರನ್ನು ದಾಟಿ ಹೈದರಾಬಾದಿನ ಕಡೆ ಸಾಗುವುದುಂಟು. ಬೇಸಗೆಯಲ್ಲಿ ಇಲ್ಲಿಯ ಉಷ್ಣತೆ ೪೦ ಡಿಗ್ರಿ ಸೆಲ್ಸಿಯಸ್ ಮೀರುವುದು ಅಪರೂಪವಲ್ಲ. ಆ ಬಿಸಿಲಿನಲ್ಲಿ ಲಾರಿಯೊಳಗಿನ ಕುರಿಯ ದೇಹದಲ್ಲಿ ಏನು ನಡೆಯುತ್ತದೆಂಬುದನ್ನು ನಾವು ಮೊದಲು ನೋಡೋಣ.

ಕುರಿಯ ದೇಹೋಷ್ಣತೆ ಸುಮಾರು ೩೯ ಡಿಗ್ರಿ. ಸುತ್ತಲಿನ ಗಾಳಿ ಅದಕ್ಕಿಂತ ಬಿಸಿಯಾದಾಗ ಮೈಯ ಶಾಖವು ತಾನಾಗಿ ಹೊರಕ್ಕೆ ಹರಿಯದು. ನಾವು ಬೆವರುತ್ತೇವೆ, ಮೈತುಂಬ ಕೂದಲು ಹೊದೆದ ಕುರಿಗೆ ಬೆವರಿನಿಂದ ದೊರೆಯುವ ತಂಪು ಅಲ್ಪ. ಅದು ಏದುಸಿರು ಬಿಡುತ್ತದೆ. ನೆರಳಿನಲ್ಲಿ ನಿಮಿಷಕ್ಕೆ ೨೦-೩೦ರಷ್ಟಿದ್ದ ಉಸಿರಾಟ ೧೦೦ನ್ನು ಮೀರುತ್ತದೆ. ಮೂಗು, ಶ್ವಾಸನಾಳಗಳ ತೇವವು ಆವಿಯಾಗುತ್ತ ಶಾಖವನ್ನು ಹೊತ್ತೊಯ್ಯುತ್ತದೆ. ಆದರೆ ಒತ್ತೊತ್ತಾಗಿ ತುಂಬಿದ ಲಾರಿ ರೈಲ್ವೆ ಗೇಟಿನಲ್ಲೋ ತನಿಖಾ ಠಾಣೆಯಲ್ಲೋ ನಿಂತಿತೆನ್ನಿ. ಗಾಳಿಯಾಟ ಕುಂದುತ್ತದೆ, ಕುರಿಗಳ ಉಸಿರೇ ಸುತ್ತಲಿನ ಗಾಳಿಯನ್ನು ತೇವಗೊಳಿಸುತ್ತದೆ, ತೇವಗಾಳಿಯಲ್ಲಿ ಆವಿಯಾಗುವಿಕೆ ಕುಗ್ಗುತ್ತದೆ. ಮೇಲಾಗಿ, ಏದಿದಷ್ಟೂ ಸ್ನಾಯುಗಳು ದುಡಿದು ಹೊಸ ಶಾಖ ಹುಟ್ಟುತ್ತದೆ. ೨೦೧೭ರ ಆಗಸ್ಟಿನಲ್ಲಿ ಆಸ್ಟ್ರೇಲಿಯದಿಂದ ಕೊಲ್ಲಿ ರಾಷ್ಟ್ರಗಳಿಗೆ ಸಾಗುತ್ತಿದ್ದ 'ಅವಾಸಿ ಎಕ್ಸ್‌ಪ್ರೆಸ್' ಹಡಗಿನಲ್ಲಿ ಸುಮಾರು ೨,೪೦೦ ಕುರಿಗಳು ಸತ್ತುದು ಇಂತಹ ತೇವಭರಿತ ಬಿಸಿಯಿಂದಲೇ. ಸಮುದ್ರಮಾರ್ಗದ ಜೀವಂತ ಕುರಿ ರಫ್ತನ್ನು ೨೦೨೮ರ ಮೇ ೧ರಿಂದ ನಿಲ್ಲಿಸುವ ಕಾಯಿದೆಯನ್ನು ಆ ದೇಶ ೨೦೨೪ರಲ್ಲಿ ಮಾಡಿತು.

ನಮ್ಮಲ್ಲಿ ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ, ಅನಗತ್ಯ ನೋವಾಗುವ ರೀತಿಯಲ್ಲಿ ಪ್ರಾಣಿಯನ್ನು ಸಾಗಿಸುವುದು ಅಪರಾಧ. ವಿವರಗಳು ೧೯೭೮ರ ಸಾಗಾಣಿಕೆ ನಿಯಮಗಳಲ್ಲಿವೆ: ಪಶುವೈದ್ಯರ ಪ್ರಮಾಣಪತ್ರ, ೫ ಸೆಂಟಿಮೀಟರು ದಪ್ಪದ ಹುಲ್ಲುಹಾಸು, ದಾರಿಯಲ್ಲಿ ನೀರು ಮೇವು, ಸಾಮಾನ್ಯ ಲಾರಿಗೆ ೪೦ ಕುರಿಗಳ ಮಿತಿ. ಆದರೆ ಕುರಿ ಮೇಕೆಗಳ ಆ ಅಧ್ಯಾಯ ಅನ್ವಯಿಸುವುದು ಆರು ಗಂಟೆ ಮೀರಿದ ಪ್ರಯಾಣಕ್ಕೆ! ರಾಯಚೂರಿನಿಂದ ಹೈದರಾಬಾದಿಗೆ ಸುಮಾರು ೨೦೦ ಕಿಲೋಮೀಟರು. ತಡೆಯಿಲ್ಲದ ಲಾರಿ ಆರು ಗಂಟೆಯೊಳಗೇ ತಲಪೀತು. ಅದೇ ಲಾರಿ ದೇವದುರ್ಗದಿಂದಲೋ ಮಾನ್ವಿಯಿಂದಲೋ ಹೊರಟು, ದಾರಿಯ ಹಳ್ಳಿಗಳಲ್ಲಿ ಇನ್ನಷ್ಟು ಕುರಿ ಹೇರಿಕೊಳ್ಳುತ್ತ ಬಂದರೆ ಆರು ಗಂಟೆ ಮೀರಬಹುದು. ಬಿಸಿಲು ಒಂದೇ, ಕುರಿಯೂ ಒಂದೇ. ನಿಯಮ ಮಾತ್ರ ಬೇರೆ. ಶರೀರಶಾಸ್ತ್ರದ ದೃಷ್ಟಿಯಿಂದ ಇದು ವಿಚಿತ್ರವೆಂದೇ ನಮಗೆ ತೋರುತ್ತದೆ.

ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಿದುದು ೨೦೧೬ರಲ್ಲಿ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನಗಳ ೧೨೫-ಇ ನಿಯಮ. ಅದರಲ್ಲಿ ಗಂಟೆಯ ಲೆಕ್ಕವಿಲ್ಲ; ಕುರಿಯೊಂದಕ್ಕೆ ೦.೩ ಚದರ ಮೀಟರು ಜಾಗ ಬೇಕು. ೬ ಮೀಟರು ಉದ್ದ, ೨ ಮೀಟರು ಅಗಲದ ಲಾರಿಯಲ್ಲಿ ಸರಿಯಾಗಿ ೪೦. ತೆಲಂಗಾಣ ಸರ್ಕಾರ ೨೦೧೭ರಲ್ಲಿ ಕುರಿಗಾಹಿಗಳಿಗೆ ೨೦ ಕುರಿ, ಒಂದು ಟಗರಿನ ಘಟಕಗಳನ್ನು ಹಂಚತೊಡಗಿದಾಗ ಅವನ್ನು ಕರ್ನಾಟಕವೂ ಸೇರಿದಂತೆ ನೆರೆರಾಜ್ಯಗಳಿಂದ ಕೊಳ್ಳಲಾಯಿತು. ಎರಡು ಘಟಕಕ್ಕೇ ೪೨! ಇಬ್ಬರ ಪಾಲನ್ನು ಅಂತಹ ಒಂದು ಲಾರಿಯಲ್ಲಿ ತರುವಂತಿಲ್ಲ. ಬಾಡಿಗೆ ಉಳಿಸುವ ಆಸೆ ಎಲ್ಲಿ ಹುಟ್ಟುತ್ತದೆಂಬುದನ್ನು ವಾಚಕರು ಊಹಿಸಬಹುದು.

ಕುರಿ ಬಳಲಿದೆಯೇ ಎಂದು ತಿಳಿಯಲು ಉಪಕರಣ ಬೇಕಿಲ್ಲ. ಪಕ್ಕೆಯ ಏರಿಳಿತವನ್ನು ೧೫ ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಉಸಿರಾಟ ದೊರೆಯುತ್ತದೆ. ಬಾಯಿ ತೆರೆದು ನಾಲಗೆ ಚಾಚಿದ್ದರೆ ಎಣಿಸುತ್ತ ನಿಲ್ಲಬೇಕಾಗಿಲ್ಲ. ಲಾರಿಯನ್ನು ನೆರಳಿಗೆ ತಂದು ನೀರು ಕೊಡಬೇಕು.